ಒಬ್ಬರ ದೋಣಿಗೆ ಬೇಕಾದ ತೂಕ

ಮಲ್ಲಿಕಾರ್ಜುನಪ್ಪನವರ ಮನೆಯಲ್ಲಿ ದೋಣಿಯ ಮಾತು ಶುರುವಾದದ್ದು ರೊಬಸ್ಟಾ ಕುಯ್ಲಿನ ನಡುವೆ, ಮನೆಯವರಿಗೆ ತಲೆ ಕೆರೆದುಕೊಳ್ಳಲೂ ಪುರಸೊತ್ತಿಲ್ಲದ ಕಾಲದಲ್ಲಿ. ಗೋಣಿಬೀಡಿನ ಮೇಲಿನ ಆ ಗುಡ್ಡದಿಂದ ಘಾಟಿ ಇಳಿದು ಸಮುದ್ರ ಮುಟ್ಟಲು ಅರ್ಧ ದಿನ ಬೇಕು. ಕಾಫಿ ಬೆಳೆಯುವವರು ಹಾಯಿದೋಣಿ ಕೊಳ್ಳುತ್ತಾರಂತೆ ಎಂದರೆ ಊರಿನವರು ಹೊಟ್ಟೆ ಹಿಡಿದುಕೊಂಡು ನಕ್ಕಾರು. ಮನೆಯೊಳಗೆ ಮಾತ್ರ ಯಾರೂ ನಗಲಿಲ್ಲ. ಕೇಳಿದವಳು ಧನ್ಯಶ್ರೀ, ಒಂದೂವರೆ ವರ್ಷದಿಂದ ಬಾಯಿಬಿಟ್ಟು ಏನನ್ನೂ ಕೇಳದಿದ್ದ ಮಗಳು.

ಧನ್ಯಶ್ರೀಗೆ ಇಪ್ಪತ್ತಮೂರು. ಜಾವಳಿಯ ತಿರುವಿನಲ್ಲಿ ಸ್ಕೂಟರ್ ಜಾರಿ ಬೆನ್ನುಮೂಳೆ ಮುರಿದ ಮೇಲೆ ಸೊಂಟದಿಂದ ಕೆಳಗೆ ಅವಳ ಮೈ ಅವಳದಾಗಿ ಉಳಿದಿರಲಿಲ್ಲ, ತಾಯಿ ಪ್ರೇಮಕುಮಾರಿಯದಾಗಿಬಿಟ್ಟಿತ್ತು. ಬೆಳಗ್ಗೆ ಎತ್ತಿ ಗಾಲಿಕುರ್ಚಿಗೆ ಕೂರಿಸುವುದು, ಸ್ನಾನ ಮಾಡಿಸುವುದು, ನಿದ್ದೆಗಣ್ಣಲ್ಲಿ ಎದ್ದು ಮಗ್ಗುಲು ಬದಲಿಸುವುದು, ಎಲ್ಲವೂ ಅವಳದೇ. ಸಹಾಯಕ್ಕೆ ಯಾರನ್ನಾದರೂ ಇಡೋಣ ಎಂದು ಗಂಡ ಹೇಳಿ ಹೇಳಿ ಸೋತಿದ್ದರು. ನನ್ನ ಮಗಳ ಮೈಯನ್ನು ಇನ್ನೊಬ್ಬರು ಮುಟ್ಟುವುದೇ ಎಂದು ಪ್ರೇಮಕುಮಾರಿ ಕಣ್ಣು ಕೆಂಪಗೆ ಮಾಡಿಕೊಂಡು ಕೇಳಿದರೆ ಎದುರು ನಿಂತು ಉತ್ತರ ಕೊಡುವವರು ಆ ಮನೆಯಲ್ಲಿ ಇರಲಿಲ್ಲ.

ಕರಾವಳಿಯ ಆಸ್ಪತ್ರೆಯೊಂದರಲ್ಲಿ ಧನ್ಯಶ್ರೀಗೆ ಕೈಗಳ ಕಸರತ್ತು ಕಲಿಸುತ್ತಿದ್ದಾಗ, ಅಲ್ಲಿನವರು ಒಂದು ದಿನ ಎಲ್ಲರನ್ನೂ ಸಮುದ್ರದ ದಡಕ್ಕೆ ಕರೆದುಕೊಂಡು ಹೋಗಿದ್ದರು. ಹಡಗಿನ ಕೆಲಸದಿಂದ ನಿವೃತ್ತರಾದ ಪಿಂಟೊ ಎಂಬವರು ಆ ದಡದಲ್ಲಿ ಹಾಯಿದೋಣಿ ನಡೆಸುವುದನ್ನು ಕಲಿಸುತ್ತಿದ್ದರು, ದೋಣಿ ಮಾರುತ್ತಲೂ ಇದ್ದರು. ಎರಡು ಸಪೂರ ದೋಣಿಗಳನ್ನು ಅಕ್ಕಪಕ್ಕ ಜೋಡಿಸಿ, ನಡುವೆ ಬಲೆಯಂಥ ಗಟ್ಟಿ ಬಟ್ಟೆ ಬಿಗಿದು, ಕಂಬ ನಿಲ್ಲಿಸಿ ಹಾಯಿ ಕಟ್ಟಿದ ಕ್ಯಾಟಮರಾನ್. ಆ ಬಟ್ಟೆಯ ಮೇಲೆ ಅವಳನ್ನು ಕೂರಿಸಿ ಚುಕ್ಕಾಣಿಯ ಹಿಡಿಯನ್ನು ಕೈಗೆ ಕೊಟ್ಟಿದ್ದರು. ಅಲ್ಲಿ ಕಾಲಿಗೆ ಕೆಲಸವೇ ಇರಲಿಲ್ಲ. ಮನೆಗೆ ಬಂದ ಮೇಲೆ ಅವಳು ಫೋನಿನಲ್ಲಿ ದೋಣಿ ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಮಾತು ಬಂದದ್ದು ಊಟಕ್ಕೆ ಕೂತಾಗ. ಅಕ್ಕಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಮಲ್ಲಿಕಾರ್ಜುನಪ್ಪ ಫೋನನ್ನು ತಟ್ಟೆಯ ಪಕ್ಕ ಇಟ್ಟುಕೊಂಡು ಚಿತ್ರ ಸರಿಸುತ್ತಿದ್ದರು.

"ಪಿಂಟೊ ಎರಡು ತೋರ್ಸಿದಾರೆ. ಒಂದು ಸಣ್ಣದು, ಒಬ್ಬರಿಗೆ ಮಾತ್ರ. ಇನ್ನೊಂದು ದೊಡ್ಡದು, ನಾಲ್ಕು ಜನ ಆರಾಮಾಗಿ ಕೂರ್ಬಹುದು. ನಂಗೇನೋ ದೊಡ್ಡದೇ ಸರಿ ಅನ್ಸುತ್ತೆ."

"ಸಣ್ಣದು ಅಪ್ಪ," ಎಂದಳು ಧನ್ಯಶ್ರೀ.

"ದೊಡ್ಡದು," ಎಂದಳು ಪ್ರೇಮಕುಮಾರಿ, ಅಡುಗೆಮನೆಯಿಂದಲೇ.

"ನಂಗೂ ಅದ್ರಲ್ಲಿ ಒಂದು ಜಾಗ ಇಡ್ರಪ್ಪ," ಎಂದು ಅಜ್ಜಿ ದೇವೀರಮ್ಮ ರೊಟ್ಟಿ ಮುರಿಯುತ್ತ ನಕ್ಕರು. ಮಲ್ಲಿಕಾರ್ಜುನಪ್ಪನವರ ತಾಯಿ, ಎಂಬತ್ತು ದಾಟಿದವರು. "ಸಮುದ್ರ ನೋಡಿ ಎಷ್ಟು ಕಾಲ ಆಯ್ತು."

ಪ್ರೇಮಕುಮಾರಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ನೀನೊಬ್ಳೇ ಸಮುದ್ರದಲ್ಲಿ ಎಂತ ಮಾಡ್ತೀಯ?"

"ಎಂತದೂ ಮಾಡಲ್ಲ. ಒಬ್ಳೇ ಇರ್ತೀನಿ."

"ರೂಮಲ್ಲಿ ಒಬ್ಳೇ ಇರಲ್ವಾ?"

"ಎಲ್ಲಿ ಇರ್ತೀನಿ? ಕೆಮ್ಮಿದ್ರೂ ಓಡಿ ಬರ್ತೀಯ."

"ಓಡಿ ಬರ್ದೇ ಇರ್ಬೇಕಿತ್ತಾ?"

"ನಾನು ಹಾಗಂದ್ನಾ ಅಮ್ಮ? ದೋಣಿ ಯಾವುದು ಬೇಕು ಅಂತ ಕೇಳಿದ್ರು. ಹೇಳ್ದೆ."

ಮಲ್ಲಿಕಾರ್ಜುನಪ್ಪನವರಿಗೆ ಜಗಳ ಎಂದರೆ ಆಗದು. ಎರಡು ಕಡೆಯವರಿಗೂ ಹೂಂ ಎಂದು ಜೀವನ ಸಾಗಿಸಿಕೊಂಡು ಬಂದ ಮನುಷ್ಯ. ಪಿಂಟೊ ಅವರನ್ನೇ ಕೇಳಿಬಿಡೋಣ ಎಂದು ಅಲ್ಲೇ ಫೋನು ಮಾಡಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದರು.

"ಸಣ್ಣದನ್ನು ಒಬ್ಬರೇ ಬಿಡಬಹುದು," ಎಂದರು ಪಿಂಟೊ. "ಆದರೆ ಗಾಳಿ ಜೋರಾದರೆ ಮಗುಚುತ್ತದೆ ಮಾರಾಯ್ರೆ. ಮಗುಚದ ಹಾಯಿದೋಣಿ ಇಲ್ಲ. ಮಗುಚಿದ ಮೇಲೆ ಅಡಿಯ ಹಗ್ಗಕ್ಕೆ ಸೊಂಟದ ಪಟ್ಟಿ ಸಿಕ್ಕಿಸಿಕೊಂಡು ಹಿಂದಕ್ಕೆ ವಾಲಬೇಕು. ಮೈಯ ಭಾರಕ್ಕೆ ದೋಣಿ ಎದ್ದು ನಿಲ್ತದೆ. ಕಾಲಿಲ್ಲದವರಿಗೂ ನಾನು ಕಲಿಸಿದ್ದುಂಟು. ಕೈ ಗಟ್ಟಿ ಬೇಕು, ಭಾರ ಬೇಕು. ಐವತ್ತು ಕೆಜಿ ಇಲ್ಲದವರಿಗೆ ನಾನು ಅದನ್ನು ಕೊಡುವುದೇ ಇಲ್ಲ."

"ದೊಡ್ಡದಾದ್ರೆ?"

"ದೊಡ್ಡದು ಒಬ್ಬರಿಂದ ಏಳುವುದಿಲ್ಲ. ಅದರಲ್ಲಿ ಯಾವಾಗಲೂ ಜೊತೆಗೆ ಜನ ಬೇಕು. ಮಗಳ ತೂಕ ಎಷ್ಟುಂಟು?"

ಯಾರಿಗೂ ಗೊತ್ತಿರಲಿಲ್ಲ. ದಿನಾ ಸಂಜೆ ಕ್ವಿಂಟಲುಗಟ್ಟಲೆ ಹಣ್ಣು ತೂಗುವ ಮನೆ. ಮಗಳ ತೂಕ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮಾರನೆಯ ಸಂಜೆ ಆಳುಗಳು ಹಣ್ಣಿನ ಚೀಲ ಇಳಿಸಿ ಶೆಡ್ಡಿನ ಮುಂದೆ ಸಾಲಾಗಿ ನಿಂತಿದ್ದರು. ತೋಟದ ಲೆಕ್ಕ ಬರೆಯುವ ರೈಟರ್ ಗುರುವಯ್ಯ ಎಲೆಕ್ಟ್ರಾನಿಕ್ ತಕ್ಕಡಿಯ ಹತ್ತಿರ ನಿಂತು ಒಬ್ಬೊಬ್ಬರ ತೂಕ ಕೂಗುತ್ತಿದ್ದ. ನಡುವೆ ಧನ್ಯಶ್ರೀಯನ್ನು ಕರೆತಂದರು. ಮೊದಲು ಖಾಲಿ ಗಾಲಿಕುರ್ಚಿ ಇಟ್ಟು ತೂಗಿದರು, ಆಮೇಲೆ ಅವಳನ್ನು ಕೂರಿಸಿ ತೂಗಿದರು. ಗುರುವಯ್ಯ ಮನಸ್ಸಿನಲ್ಲೇ ಕಳೆದು, ವರ್ಷಗಳ ಅಭ್ಯಾಸದಿಂದ, ಹಣ್ಣಿನ ಚೀಲಕ್ಕೆ ಕೂಗುವ ಹಾಗೆಯೇ ಗಂಟಲೆತ್ತಿ ಕೂಗಿಬಿಟ್ಟ.

"ನಲವತ್ತೊಂದು!"

ಸಾಲಿನಲ್ಲಿದ್ದ ಮುತ್ತಮ್ಮ ಕೆನ್ನೆಗೆ ಕೈಯಿಟ್ಟುಕೊಂಡಳು. "ಅಯ್ಯೋ ಶಿವನೇ, ನನ್ನ ಚೀಲನೇ ಇದಕ್ಕಿಂತ ಜಾಸ್ತಿ ಬಂತಲ್ಲ!"

"ಗುರುವಯ್ಯ, ಸರಿಯಾಗಿ ನೋಡು," ಎಂದಳು ಪ್ರೇಮಕುಮಾರಿ.

"ಎರಡು ಸಲ ನೋಡ್ದೆ ಅಮ್ಮಾವ್ರೆ."

ಧನ್ಯಶ್ರೀ ತಲೆ ಎತ್ತಲಿಲ್ಲ. "ಒಳಗೆ ಕರ್ಕೊಂಡು ಹೋಗಮ್ಮ," ಎಂದಳು. ಪ್ರೇಮಕುಮಾರಿ ಕುರ್ಚಿ ತಳ್ಳಿಕೊಂಡು ಕೋಣೆಗೆ ಬಂದು ಬಾಗಿಲು ಹಾಕಿದಳು. ದಿನಾ ಎತ್ತಿ ಇಳಿಸುವ ಮೈ. ಹಗುರವಾಗುತ್ತಿದೆ ಎಂದು ತನ್ನ ಕೈಗೆ ಹೇಗೆ ತಿಳಿಯಲಿಲ್ಲ?

"ತಟ್ಟೆ ಖಾಲಿಯಾಗಿ ಬರ್ತಿತ್ತಲ್ಲೇ!"

"ಕಿಟಕಿ ಕೆಳಗೆ ನೋಡು."

ಕಿಟಕಿಯ ಕೆಳಗೆ ಮನೆಯ ನಾಯಿ ಬೆಣ್ಣೆಯ ಮುದ್ದೆಯ ಹಾಗೆ ಊದಿಕೊಂಡು ಮಲಗಿತ್ತು.

"ಯಾಕೆ ಧನ್ಯ? ನಾನು ಮಾಡಿದ್ದು ರುಚಿ ಇರ್ತಿರ್ಲಿಲ್ವಾ?"

"ನಿಂಗೆ ಸೊಂಟ ನೋವು ಅಂತ ಅಜ್ಜಿ ಹತ್ರ ಹೇಳ್ತಿದ್ಯಲ್ಲ. ನಾನು ಹಗುರ ಆದಷ್ಟೂ ನಿಂಗೆ ಎತ್ತೋದು ಸುಲಭ ಅಲ್ವಾ?"

ಪ್ರೇಮಕುಮಾರಿ ಮಂಚದ ಅಂಚಿಗೆ ಕುಸಿದು ಕೂತಳು. ಬೈಯಬೇಕೆಂದು ಬಾಯಿ ತೆರೆದರೆ ಅಳು ಬಂತು. ಹೆತ್ತ ಹೊಟ್ಟೆಗೆ ಇದಕ್ಕಿಂತ ದೊಡ್ಡ ಏಟು ಯಾವುದಿದೆ? ಅವಳ ಅಳು ಮುಗಿದ ಮೇಲೆ ಮಗಳು ಕೇಳಿದಳು. "ಐವತ್ತು ಆದ್ರೆ ಸಣ್ಣ ದೋಣಿ. ಮಾತು ಕೊಡ್ತೀಯ?"

"ಕೊಟ್ಟೆ. ತಿನ್ನು ಮಗ, ಏನು ಕೇಳಿದ್ರೂ ಕೊಡ್ತೀನಿ."

ಅವತ್ತಿನಿಂದ ಅಡುಗೆಮನೆಯ ಒಲೆ ಆರಲಿಲ್ಲ. ಬೆಳಗ್ಗೆ ಕಡುಬಿನ ಮೇಲೆ ತುಪ್ಪ, ಮಧ್ಯಾಹ್ನ ರೊಟ್ಟಿಗೆ ಬೆಣ್ಣೆ, ಸಂಜೆ ಹುರಿದ ಕಡಲೆಬೀಜ, ಬಾಳೆಹಣ್ಣು, ಮಲಗುವಾಗ ಗಟ್ಟಿ ಹಾಲು. ಧನ್ಯಶ್ರೀ ಹಠ ಹಿಡಿದವಳಂತೆ ತಿಂದಳು. ಬಾಗಿಲ ಚೌಕಟ್ಟಿಗೆ ಹಗ್ಗ ಕಟ್ಟಿಸಿಕೊಂಡು, ಅದನ್ನು ಜಗ್ಗಿ ಜಗ್ಗಿ ತೋಳು ಗಟ್ಟಿ ಮಾಡಿಕೊಂಡಳು. ತೂಕದ ದಿನ ಭಾನುವಾರವಾಯಿತು. ಗುರುವಯ್ಯನ ಕೂಗು ಬೇಡ, ಆಳುಗಳ ಕಣ್ಣು ಬೇಡ, ನೀನೇ ತೂಗು ಎಂದು ಮಗಳೇ ಹೇಳಿದ್ದರಿಂದ, ಕೆಲಸಕ್ಕೆ ರಜೆ ಇರುವ ದಿನ ತಾಯಿ ಮಗಳು ಇಬ್ಬರೇ ಶೆಡ್ಡಿಗೆ ಹೋಗುತ್ತಿದ್ದರು. ತೂಕ ಏರತೊಡಗಿತು. ಕೆನ್ನೆ ತುಂಬಿತು. ಒಂದು ದಿನ ಧನ್ಯಶ್ರೀ ಅಜ್ಜಿಯ ಜೊತೆ ಯಾವುದೋ ಮಾತಿಗೆ ಜೋರಾಗಿ ನಕ್ಕದ್ದು ಕೇಳಿ ಪ್ರೇಮಕುಮಾರಿ ಒಲೆಯ ಮುಂದೆ ಕೈಮುಗಿದು ನಿಂತಿದ್ದಳು.

ಕುಯ್ಲು ಮುಗಿದು ಆಳುಗಳು ಕಡಿಮೆಯಾಗುವ ಹೊತ್ತಿಗೆ ತೂಕ ನಲವತ್ತಾರು ಮುಟ್ಟಿತ್ತು. ಸಣ್ಣ ದೋಣಿಯೊಂದು ಬಂದಿದೆ, ನಿಮಗಾಗಿ ಇಟ್ಟುಕೊಂಡಿರುತ್ತೇನೆ ಎಂದು ಪಿಂಟೊ ಫೋನು ಮಾಡಿದರು. ಮಳೆಗಾಲ ಶುರುವಾದರೆ ದೋಣಿಗಳನ್ನೆಲ್ಲ ದಡಕ್ಕೆ ಎಳೆದು ಕಟ್ಟಿಡುತ್ತಾರೆ, ಅಷ್ಟರೊಳಗೆ ಬಂದು ಕಲಿಯಬೇಕು ಎಂದೂ ಹೇಳಿದರು. ಆ ಮಧ್ಯಾಹ್ನ ಪ್ರೇಮಕುಮಾರಿ ಮಗಳ ತಲೆ ಬಾಚುತ್ತಿದ್ದಳು.

"ಧನ್ಯ, ಮಗುಚಿದಾಗ ದೋಣಿ ಏಳ್ದೇ ಹೋದ್ರೆ?"

"ಹೋದ್ರೆ ಹೋಯ್ತು ಬಿಡಮ್ಮ."

"ಅಂದ್ರೆ?"

"ಅಂದ್ರೆ ಅಷ್ಟೇ. ನಿಂಗೂ ಒಂದು ರಾತ್ರಿ ಪೂರ್ತಿ ನಿದ್ದೆ ಸಿಗುತ್ತೆ." ನಗುತ್ತಲೇ ಹೇಳಿದಳು.

ಬಾಚಣಿಗೆ ಕೂದಲಲ್ಲೇ ನಿಂತಿತು. ಪ್ರೇಮಕುಮಾರಿ ಸಂಜೆ ಗಂಡನನ್ನು ಕಣದ ಮೂಲೆಗೆ ಕರೆದು ಹೇಳಿದಳು.

"ತಮಾಷೆಗೆ ಅಂದಿರ್ತಾಳೆ ಪ್ರೇಮ."

"ನೀವು ಅವಳ ಮುಖ ನೋಡಿಲ್ಲ."

"ಏಳುತ್ತೆ ಅಂತ ಪಿಂಟೊ ಹೇಳ್ಲಿಲ್ವಾ? ಅವ್ರು ಎಷ್ಟು ಜನಕ್ಕೆ ಕಲ್ಸಿದಾರೆ."

"ಏಳ್ಸೋಕೆ ಮನಸ್ಸಿರೋರಿಗೆ ಕಲ್ಸಿರ್ತಾರೆ. ಇವಳು ಸಾಯೋಕೆ ಹೊರಟಿದಾಳೆ ರೀ. ನಂಗೆ ಗೊತ್ತು. ನಾನು ತುತ್ತು ಕೊಟ್ಟು ಕೊಟ್ಟು ಅವಳನ್ನ ಅಲ್ಲಿಗೆ ಕಳಿಸ್ತಿದೀನಿ."

"ಹಾಗಾದ್ರೆ ಬೇಡ ಅಂತ ಹೇಳ್ಬಿಡು."

"ಬೇಡ ಅಂದ್ರೆ ಊಟ ಬಿಡ್ತಾಳೆ!"

ಮಲ್ಲಿಕಾರ್ಜುನಪ್ಪ ಹೂಂ ಎಂದರು. ಪ್ರೇಮಕುಮಾರಿ ಒಬ್ಬಳೇ ಕೂತು ದಾರಿ ಹುಡುಕಿದಳು. ತಿನ್ನಬೇಕು, ತಿಂದರೂ ಐವತ್ತು ಆಗಬಾರದು. ಹೀಗೆ ಯೋಚಿಸಿದವಳಿಗೆ ದಾರಿ ದೂರವಿರಲಿಲ್ಲ. ಅದು ಆ ಮನೆಯದೇ ದಾರಿ.

ಸೊಸೆಯಾಗಿ ಬಂದ ಹೊಸದರಲ್ಲಿ ಅತ್ತೆ ಕಲಿಸಿಕೊಟ್ಟ ವಿದ್ಯೆಗಳಲ್ಲಿ ಒದ್ದೆ ಗೋಣಿಯದೂ ಒಂದು. ಆಳುಗಳು ಬರುವ ಮೊದಲೇ ನೀರಲ್ಲಿ ನೆನೆಸಿದ ಗೋಣಿಚೀಲವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ ತೆಗೆದುಬಿಟ್ಟರೆ ಆಯಿತು, ಆಮೇಲೆ ಬರುವ ಒಂದೊಂದು ಚೀಲವೂ ಅಷ್ಟು ಕಡಿಮೆ ತೋರಿಸುತ್ತದೆ. ಹಣ್ಣಿನ ಜೊತೆ ನೀರು, ಎಲೆ, ಕಡ್ಡಿ ಬರುತ್ತದಲ್ಲ, ಅದಕ್ಕೆ ಎಂದು ದೇವೀರಮ್ಮ ಹೇಳುತ್ತಿದ್ದರು. ಇದಕ್ಕೆ ಮೋಸ ಎಂಬ ಹೆಸರನ್ನು ಆ ಮನೆಯಲ್ಲಿ ಯಾರೂ ಇಟ್ಟಿರಲಿಲ್ಲ. ಇಟ್ಟವರು ಇದ್ದರೆ ಅವರು ಆಳುಗಳ ಲೈನಿನ ಮನೆಗಳಲ್ಲಿದ್ದರು, ಅವರನ್ನು ಕೇಳಿದವರು ಯಾರು?

ಆ ಭಾನುವಾರ ಪ್ರೇಮಕುಮಾರಿ ಮಗಳನ್ನು ಏಳಿಸುವ ಮೊದಲೇ ಶೆಡ್ಡಿಗೆ ಹೋದಳು. ಗೋಣಿ ನೆನೆಸಿ, ಇಟ್ಟು, ಗುಂಡಿ ಒತ್ತಿ, ತೆಗೆದಳು. ಕೆಂಪು ಅಂಕಿ ಸೊನ್ನೆಗಿಂತ ಕೆಳಗೆ ಇಳಿಯಿತು. ಮಗಳ ಕುರ್ಚಿ ತಕ್ಕಡಿ ಹತ್ತುವವರೆಗೆ ಅದು ಕಾಣದಂತೆ ಒಂದು ಬಟ್ಟೆ ಹೊದಿಸಿಟ್ಟಳು.

"ಎಷ್ಟಮ್ಮ?"

"ನಲವತ್ತಾರು. ಅಷ್ಟೇ ಇದೆ ನೋಡು."

"ಈ ವಾರ ಅಷ್ಟು ತಿಂದ್ನಲ್ಲ?"

"ಒಂದೊಂದ್ಸಲ ನಿಲ್ಲುತ್ತೆ. ಮುಂದಿನ ವಾರ ಏರುತ್ತೆ ಬಿಡು."

ಮುಂದಿನ ವಾರ ಏರಲಿಲ್ಲ. ಅದರ ಮುಂದಿನ ವಾರವೂ ಏರಲಿಲ್ಲ. ಒಂದು ಗೋಣಿ ಇದ್ದದ್ದು ಎರಡಾಯಿತು. ಧನ್ಯಶ್ರೀ ಇನ್ನೊಂದು ರೊಟ್ಟಿ ಹಾಕು ಎನ್ನುತ್ತಿದ್ದಳು, ಸಾಕು ಎನ್ನುವ ಹೊತ್ತಿಗೆ ಇನ್ನರ್ಧ ಹಾಕು ಎನ್ನುತ್ತಿದ್ದಳು. ಒಂದು ದಿನ ತಿಂದದ್ದನ್ನೆಲ್ಲ ವಾಂತಿ ಮಾಡಿಕೊಂಡು, ಬಾಯಿ ಒರೆಸಿಕೊಂಡು, ಮತ್ತೆ ತಟ್ಟೆ ಕೇಳಿದಳು. ಪ್ರೇಮಕುಮಾರಿ ಬಡಿಸಿದಳು. ಬಡಿಸುವಾಗ ಮಗಳ ಮುಖ ನೋಡಲಿಲ್ಲ. ತೋಟದಲ್ಲಿ ಕಾಫಿ ಹೂ ಬಿಟ್ಟು ಮನೆಯೆಲ್ಲ ಘಮ್ಮೆನ್ನುತ್ತಿತ್ತು, ಆ ವಾಸನೆಗೆ ಅವಳಿಗೆ ತಲೆ ಸುತ್ತಿ ಬರುತ್ತಿತ್ತು.

ಮತ್ತೊಂದು ಭಾನುವಾರ ಗೋಣಿ ಮೂರಾಯಿತು. ಕುರ್ಚಿಯ ತೂಕ ಕಳೆದರೆ ತಕ್ಕಡಿ ನಲವತ್ತೈದು ತೋರಿಸಿತು.

ಧನ್ಯಶ್ರೀ ಬಹಳ ಹೊತ್ತು ಅಂಕಿಯನ್ನೇ ನೋಡಿದಳು. "ಕಾಲಿನ ಥರ ಹೊಟ್ಟೆನೂ ಸತ್ತೋಯ್ತಮ್ಮ," ಎಂದಳು. "ಅನ್ನ ಹೋಗುತ್ತೆ. ಮೈಗೆ ಹತ್ತಲ್ಲ."

ಅವತ್ತು ರಾತ್ರಿ ಊಟ ಬಿಟ್ಟಳು. ಮಾರನೆಯ ದಿನ ಅರ್ಧ ಲೋಟ ಗಂಜಿ. ಅಪ್ಪ ಬಂದು ಮಂಚದ ಪಕ್ಕ ಕೂತಾಗ ಗೋಡೆಯ ಕಡೆ ತಿರುಗಿಕೊಂಡೇ ಹೇಳಿದಳು. "ದೊಡ್ಡದನ್ನೇ ತಗೊಳ್ಳಿ ಅಪ್ಪ. ಹೊತ್ಕೊಂಡು ಹೋಗಿ ಕೂರ್ಸಿ. ವಾಪಸ್ ಹೊತ್ಕೊಂಡು ಬನ್ನಿ."

ಮಲ್ಲಿಕಾರ್ಜುನಪ್ಪನವರಿಗೆ ಜಗಳ ಮುಗಿಯಿತಲ್ಲ ಎಂಬಷ್ಟೇ ತಿಳಿಯಿತು. "ನೋಡಿದ್ಯಾ ಪ್ರೇಮ, ಅವಳೇ ಒಪ್ಪಿದ್ಳು. ಎಲ್ಲರೂ ಒಟ್ಟಿಗೆ ಹೋಗೋಣ," ಎಂದು ಪಿಂಟೊ ಅವರಿಗೆ ಫೋನು ಮಾಡಿ ಸಣ್ಣದು ಬೇಡ ಎಂದರು. ಅದನ್ನು ಕಾಯುತ್ತಿದ್ದ ಇನ್ಯಾರಿಗೋ ಪಿಂಟೊ ಆ ವಾರವೇ ಕೊಟ್ಟುಬಿಟ್ಟರು. ಪ್ರೇಮಕುಮಾರಿಗೆ ಬೇಕಾದದ್ದು ಸಿಕ್ಕಿತ್ತು. ಸಿಕ್ಕಿದ್ದನ್ನು ತೆಗೆದುಕೊಂಡು ಏನು ಮಾಡುವುದೆಂದು ಅವಳಿಗೆ ತಿಳಿಯಲಿಲ್ಲ. ಮಗಳು ದಿನಕ್ಕೆ ನಾಲ್ಕು ತುತ್ತಿಗೆ ಇಳಿದಿದ್ದಳು. ಬೈದರೆ ಕೇಳುತ್ತಿರಲಿಲ್ಲ, ಬೇಡಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ನಾಯಿಗೂ ಹಾಕುತ್ತಿರಲಿಲ್ಲ, ತಟ್ಟೆ ಹೋದ ಹಾಗೇ ವಾಪಸು ಬರುತ್ತಿತ್ತು. ಸೊಂಟದ ಮೂಳೆಯ ಮೇಲೆ ಚರ್ಮ ಕೆಂಪಾಗಿ, ಒಡೆದು, ಹುಣ್ಣಾಯಿತು. ಮೂಡಿಗೆರೆಯಿಂದ ಬಂದ ಡಾಕ್ಟರು ನೋಡಿ, "ಔಷಧಿ ನಾನು ಹಚ್ಚಬಹುದು, ಮಾಂಸ ನೀವು ಕೊಡ್ಬೇಕು. ಊಟ ಮಾಡ್ದೇ ಇದ್ರೆ ಇದು ಮೂಳೆವರೆಗೂ ಇಳಿಯುತ್ತೆ," ಎಂದು ಹೇಳಿಹೋದರು.

ಆ ಮಧ್ಯಾಹ್ನ ದೇವೀರಮ್ಮ ಜಗಲಿಯಲ್ಲಿ ಅವರೆಕಾಳು ಸುಲಿಯುತ್ತ ಕೂತಿದ್ದವರು ಸೊಸೆಯನ್ನು ಕರೆದರು.

"ಪ್ರೇಮ, ಇಲ್ಲಿ ಬಾ. ಕಣದ ಗೋಡೆ ಮೇಲೆ ಮೂರು ಗೋಣಿ ಒಣಗಾಕಿದ್ಯಲ್ಲ, ಎಂತಕ್ಕೆ?"

"ಒದ್ದೆ ಆಗಿದ್ವು ಅತ್ತೆ."

"ಮಳೆ ಬಂದಿಲ್ಲ. ಕುಯ್ಲು ಮುಗಿದು ತಿಂಗಳ ಮೇಲಾಯ್ತು. ಅವಳು ಊಟ ಬಿಟ್ಟ ಭಾನುವಾರನೂ ನೋಡ್ದೆ, ಅದರ ಹಿಂದಿನ ಭಾನುವಾರನೂ ನೋಡ್ದೆ." ದೇವೀರಮ್ಮ ಸೊಸೆಯ ಮುಖವನ್ನು ಓದುತ್ತ ಹೋದರು. ಕಾಳಿನ ಮೊರ ತೊಡೆಯಿಂದ ಕೆಳಗಿಟ್ಟರು. "ತಕ್ಕಡಿಗಾ?"

ಪ್ರೇಮಕುಮಾರಿ ತಲೆ ತಗ್ಗಿಸಿದಳು.

"ನಾನು ಕಲಿಸಿದ್ದು ಮಗಳ ಮೇಲೆ ಮಾಡು ಅಂತ ಅಲ್ಲ ಕಣೇ!"

"ಮತ್ತೆ ಯಾರ ಮೇಲೆ ಮಾಡು ಅಂತ ಕಲಿಸಿದ್ರಿ ಅತ್ತೆ?"

ದೇವೀರಮ್ಮ ಕೆಳಗಿಟ್ಟ ಮೊರವನ್ನು ಇನ್ನಷ್ಟು ದೂರ ಸರಿಸಿದರು. ಮೆಲ್ಲಗೆ, "ಹೋಗಿ ಹೇಳು," ಎಂದರು.

"ಹೇಳಿದ್ರೆ ತಿಂತಾಳೆ. ತಿಂದ್ರೆ ಹೋಗ್ತಾಳೆ. ವಾಪಸ್ ಬರಲ್ಲ."

"ಈಗ ಎಲ್ಲಿಗೆ ಹೋಗ್ತಿದಾಳೆ ಅಂದ್ಕೊಂಡಿದೀಯ? ನೀನೇ ಹೇಳ್ತೀಯೋ, ನಾನು ಗೋಡೆ ಹಿಡ್ಕೊಂಡು ಹೋಗಿ ಹೇಳ್ಲೋ?"

ಪ್ರೇಮಕುಮಾರಿಯೇ ಹೋದಳು. ಕೋಣೆಯಲ್ಲಿ ಹುಣ್ಣಿನ ಮುಲಾಮಿನ ವಾಸನೆ. ಮಗಳ ಬೆನ್ನು ಇವಳ ಕಡೆಗಿತ್ತು, ಬೆನ್ನಿನ ಜೊತೆ ಮಾತಾಡುವುದು ಸುಲಭವೆನಿಸಿತು. ಗೋಣಿಯ ವಿಷಯ ಹೇಳಿದಳು. ಎಷ್ಟು ವಾರ, ಎಷ್ಟು ಗೋಣಿ, ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಸೆರಗಿನ ತುದಿಯನ್ನು ಹಿಂಡಿ ಹಿಂಡಿ ಹಗ್ಗ ಮಾಡಿಬಿಟ್ಟಿದ್ದಳು.

ಧನ್ಯಶ್ರೀ ತೋಳುಗಳ ಬಲದಿಂದ ನಿಧಾನವಾಗಿ ಈ ಕಡೆ ಹೊರಳಿದಳು.

"ಕೊನೇ ಸಲ ನಿಜವಾಗ್ಲೂ ಎಷ್ಟಿತ್ತು?"

"ಐವತ್ತೊಂದು."

"ಐವತ್ತೊಂದು." ಅಂಕಿಯನ್ನು ತಾನೂ ಒಮ್ಮೆ ಹೇಳಿಕೊಂಡಳು. "ನನ್ನ ಮೈ ಸತ್ತಿರ್ಲಿಲ್ಲ. ಸತ್ತಿದೆ ಅಂತ ನೀನು ನಂಗೆ ನಂಬಿಸ್ದೆ."

"ಹೋದ್ರೆ ಹೋಯ್ತು ಅಂದ್ಯಲ್ಲ ಧನ್ಯ. ನಾನು ಎಂತ ಮಾಡ್ಲಿ? ನೀನು ವಾಪಸ್ ಬರಲ್ಲ ಅಂತ ನಂಗೆ..."

"ಸಾಯೋ ಹಾಗಿದ್ರೆ ಅಷ್ಟು ತಿಂತಿದ್ನಾ? ವಾಂತಿ ಮಾಡ್ಕೊಂಡು ಮತ್ತೆ ತಿಂದೆ. ನೀನೇ ಬಡಿಸ್ದೆ. ನೋಡ್ಕೊಂಡು ಬಡಿಸ್ದೆ."

"ತಪ್ಪಾಯ್ತು ಮಗ."

"ಮುತ್ತಮ್ಮನ್ನ ಕರೆಸಿ. ನಾಳೆಯಿಂದ ನನ್ನ ಎತ್ತೋದು, ಸ್ನಾನ, ಎಲ್ಲ ಅವ್ರೇ ಮಾಡ್ಲಿ. ನೀವು ಮುಟ್ಬೇಡಿ."

ನೀವು ಎಂದಳು. ಹೆತ್ತವಳಿಗೆ ಮೊದಲ ಸಲ. ಪ್ರೇಮಕುಮಾರಿ ಎದ್ದು, ಬಾಗಿಲು ಎಲ್ಲಿದೆ ಎಂದು ಹುಡುಕುವವಳ ಹಾಗೆ ಹೊರಗೆ ಬಂದಳು.

ಮುತ್ತಮ್ಮ ಬಂದಳು. ದಿನಾ ಬೆಳಗ್ಗೆ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತಿತ್ತು, ಒಳಗೆ ಬಕೆಟ್ಟಿನ ಸದ್ದು, ಮುತ್ತಮ್ಮನ ಹರಟೆ ಕೇಳಿಸುತ್ತಿತ್ತು. ಪ್ರೇಮಕುಮಾರಿಗೆ ಉಳಿದದ್ದು ಅಡುಗೆಮನೆ. ಬೇಯಿಸುವುದು ಅವಳು, ತಟ್ಟೆ ಒಯ್ಯುವುದು ಮುತ್ತಮ್ಮ. ಅಡುಗೆ ಬಿಟ್ಟು ಬೇರೆ ದಾರಿಯಿಂದ ಮಗಳ ಹತ್ತಿರ ಹೋಗಲು ಅವಳಿಗೆ ಅಪ್ಪಣೆ ಇರಲಿಲ್ಲ. ಹಾಗಾಗಿ ಇರುವ ರುಚಿಯನ್ನೆಲ್ಲ ಅದಕ್ಕೇ ಹಾಕಿದಳು. ಮೊದಲ ದಿನ ತಟ್ಟೆಯಲ್ಲಿ ಅರ್ಧ ಉಳಿದಿತ್ತು. ಕೆಲವು ದಿನಗಳಲ್ಲಿ ಖಾಲಿ ತಟ್ಟೆ ಬಂತು. ಪ್ರೇಮಕುಮಾರಿ ಅಂಗಳಕ್ಕೆ ಇಳಿದು ಕಿಟಕಿಯ ಕೆಳಗೆ ನೋಡಿದಳು. ನಾಯಿ ಹಸಿದ ಮುಖ ಮಾಡಿಕೊಂಡು ಅವಳನ್ನೇ ನೋಡಿತು.

"ಇನ್ನೊಂದು ರೊಟ್ಟಿ ಬೇಕಂತೆ ಅಮ್ಮಾವ್ರೆ," ಎಂದು ಮುತ್ತಮ್ಮ ಬಾಗಿಲಲ್ಲಿ ಬಂದು ನಿಂತಾಗ ಅವಳಿಗೆ ಸಂತೋಷವೂ ಆಗುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು. ತಾನೇ ಮಗಳನ್ನು ಕಳಿಸುತ್ತಿದ್ದೇನೆ, ಒಂದೊಂದು ರೊಟ್ಟಿಗೂ ಅವಳು ದಡದಿಂದ ಅಷ್ಟಷ್ಟು ದೂರ ಹೋಗುತ್ತಿದ್ದಾಳೆ ಎನಿಸುತ್ತಿತ್ತು. ಆದರೂ ತಟ್ಟಿದಳು. ಎಷ್ಟು ಕೇಳಿದರೆ ಅಷ್ಟು. ಹುಣ್ಣು ಒಣಗತೊಡಗಿದೆ ಎಂದು ಅವಳಿಗೆ ತಿಳಿದದ್ದು ಮುತ್ತಮ್ಮನ ಬಾಯಿಂದ.

ರಾತ್ರಿ ಗಂಡನ ಮುಂದೆ ಒಮ್ಮೆ ಅತ್ತಳು. "ಅವಳು ಸಮುದ್ರಕ್ಕೆ ಹೋದ್ರೆ ಕಳ್ಕೊಳ್ತೀನಿ ಅಂದ್ಕೊಂಡಿದ್ದೆ. ಮನೇಲಿ ಇದ್ದಾಗ್ಲೇ ಕಳ್ಕೊಂಡೆ."

"ಸರಿ ಹೋಗುತ್ತೆ," ಎಂದರು ಮಲ್ಲಿಕಾರ್ಜುನಪ್ಪ. ಹೇಗೆ ಎಂದು ಹೇಳಲಿಲ್ಲ, ಪಾಪ, ಅವರಿಗೂ ಗೊತ್ತಿರಲಿಲ್ಲ. ಆದರೆ ಮರುದಿನ ಪಿಂಟೊ ಅವರಿಗೆ ತಾವೇ ಫೋನು ಮಾಡಿ, ದೊಡ್ಡದು ಬೇಡ, ಎಲ್ಲಿಂದಾದರೂ ಇನ್ನೊಂದು ಸಣ್ಣದು ತರಿಸಿಕೊಡಿ ಎಂದರು. ಹೂಂ ಎನ್ನುವುದನ್ನು ಬಿಟ್ಟು ಅವರು ಒಂದು ಮಾತು ಗಟ್ಟಿಯಾಗಿ ಆಡಿದ್ದನ್ನು ಮನೆಯವರು ಅಪರೂಪಕ್ಕೆ ಕೇಳಿದರು.

ಮೇ ತಿಂಗಳು ಅರ್ಧಕ್ಕೆ ಬರುವ ಮೊದಲು, ಕೆಲಸದ ದಿನವೇ ಸಂಜೆ, ಎಲ್ಲರೂ ಇರುವಾಗಲೇ ತೂಗಬೇಕು ಎಂದು ಧನ್ಯಶ್ರೀ ಹೇಳಿಕಳಿಸಿದಳು. ಗುರುವಯ್ಯನೇ ಕೂಗಬೇಕು. ಖಾಲಿ ತಕ್ಕಡಿಯ ಅಂಕಿಯನ್ನು ಎಲ್ಲರೂ ಮೊದಲು ನೋಡಬೇಕು. ಪ್ರೇಮಕುಮಾರಿ ಶೆಡ್ಡಿನ ಕಡೆ ಹೋಗಲಿಲ್ಲ. ಅಡುಗೆಮನೆಯ ಕಿಟಕಿಯ ಹತ್ತಿರ ಹಿಟ್ಟು ನಾದುತ್ತ ನಿಂತಳು. ಐವತ್ತು ಆಗಲಿ ಎಂದು ಬೇಡಿಕೊಳ್ಳಬೇಕೋ, ಆಗದಿರಲಿ ಎಂದು ಬೇಡಿಕೊಳ್ಳಬೇಕೋ ತಿಳಿಯದೆ ಸುಮ್ಮನೆ ಶಿವನ ಹೆಸರನ್ನಷ್ಟೇ ಹೇಳಿಕೊಂಡಳು.

"ಐವತ್ತು ಮುಕ್ಕಾಲು!" ಗುರುವಯ್ಯನ ಗಂಟಲು ತೋಟದ ಕೆಳಗಿನವರೆಗೂ ಕೇಳಿರಬೇಕು.

ಜಗಲಿಗೆ ಬಂದು ಮಲ್ಲಿಕಾರ್ಜುನಪ್ಪ ಪಿಂಟೊ ಅವರಿಗೆ ಫೋನು ಹಚ್ಚಿದರು. ಸ್ಪೀಕರಿನ ಮಾತು ಅಡುಗೆಮನೆಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಸಣ್ಣ ದೋಣಿ ಬಂದಿದೆ, ಮಳೆಗೆ ಮುಂಚೆ ಎರಡು ವಾರ ಸಿಗಬಹುದು, ಕೂಡಲೇ ಬನ್ನಿ ಎಂದರು ಪಿಂಟೊ. ಆಮೇಲೆ ಹೇಳಿದರು, "ನನ್ನದೊಂದು ನಿಯಮ ಉಂಟು. ಒಬ್ಬರೇ ಹೋಗುವಾಗ ದಡದಲ್ಲಿ ಮನೆಯವರೊಬ್ಬರು ನಿಲ್ಲಬೇಕು. ದೋಣಿಯಿಂದ ಕಣ್ಣು ತೆಗೆಯಬಾರದು. ಮಗುಚಿದರೆ ಏಳಿಸಲು ಮೊದಲು ಅವಳಿಗೇ ಬಿಡಬೇಕು, ಆಗದಿದ್ದರೆ ಮಾತ್ರ ನಾನು ಎಂಜಿನ್ ದೋಣಿ ತೆಗೆದುಕೊಂಡು ಹೋಗ್ತೇನೆ. ನಿಂತವರು ನೀರಿಗೆ ಇಳಿಯಬಾರದು. ಎಷ್ಟೋ ಜನ ಹೆದರಿ ಇಳಿದು, ಕೊನೆಗೆ ಅವರನ್ನೇ ಎತ್ತಿದ್ದುಂಟು. ಯಾರು ನಿಲ್ತಾರೆ?"

"ನಾನೇ ನಿಲ್ತೀನಿ," ಎಂದರು ಮಲ್ಲಿಕಾರ್ಜುನಪ್ಪ.

"ಅಪ್ಪ ಬೇಡ," ಎಂದಳು ಧನ್ಯಶ್ರೀ. "ಅಪ್ಪನ ಕಣ್ಣು ಫೋನಲ್ಲಿರುತ್ತೆ."

"ಮತ್ತೆ ಯಾರು?" ಪಿಂಟೊ ಕೇಳಿದರು.

ಪ್ರೇಮಕುಮಾರಿ ರೊಟ್ಟಿಯನ್ನು ಹೆಂಚಿಗೆ ಹಾಕಿ ಅಲ್ಲೇ ನಿಂತಳು.

"ಪ್ರೇಮಕುಮಾರಿ ಅಂತ," ಎಂದಳು ಧನ್ಯಶ್ರೀ.

"ಅವರು ನಿಮಗೆ ಏನಾಗಬೇಕು?"

ವಾರಗಟ್ಟಲೆ ಆ ಮನೆಯಲ್ಲಿ ಬಾಯಿಗೆ ಬರದಿದ್ದ ಮಾತನ್ನು ಧನ್ಯಶ್ರೀ ಆಡಿದಳು.

"ಅಮ್ಮ."

"ತಾಯಿಯಾ? ಕಷ್ಟ ಉಂಟು ಮಾರಾಯ್ರೆ. ತಾಯಂದಿರೇ ಇಳಿಯುವುದು. ಇಳಿಯುವುದಿಲ್ಲ ಅಂತ ಅವರ ಬಾಯಿಂದಲೇ ಕೇಳಬೇಕು ನನಗೆ."

"ಅವ್ರನ್ನೇ ಕೇಳಿ," ಎಂದಳು ಧನ್ಯಶ್ರೀ. ಮಲ್ಲಿಕಾರ್ಜುನಪ್ಪ ಫೋನು ಹಿಡಿದುಕೊಂಡು ಅಡುಗೆಮನೆಗೆ ಬಂದು ಹೆಂಡತಿಯ ಬಾಯಿಯ ಹತ್ತಿರ ಚಾಚಿದರು.

"ಇಳಿಯಲ್ಲ," ಎಂದಳು ಪ್ರೇಮಕುಮಾರಿ.

"ಕಣ್ಣೆದುರಿಗೇ ಮಗುಚಿದರೂ?"

ಜಗಲಿಯಲ್ಲಿ ಗಾಲಿಕುರ್ಚಿ ಅಲುಗದೆ ನಿಂತಿತ್ತು. ಮಗಳು ಕೇಳಿಸಿಕೊಳ್ಳುತ್ತಿದ್ದಾಳೆಂದು ಪ್ರೇಮಕುಮಾರಿಗೆ ಗೊತ್ತಿತ್ತು.

"ಮಗುಚಿದ್ರೂ ಇಳಿಯಲ್ಲ," ಎಂದಳು. ಅಷ್ಟು ಹೇಳುವುದರೊಳಗೆ ಹೆಂಚಿನ ಮೇಲಿನ ರೊಟ್ಟಿ ಸೀದುಹೋಗಿತ್ತು. ಅದನ್ನು ತೆಗೆದು ತನ್ನ ತಟ್ಟೆಗೆ ಹಾಕಿಕೊಂಡು, ಮಗಳಿಗೆ ಇನ್ನೊಂದು ತಟ್ಟತೊಡಗಿದಳು.